ಅಣ್ಣನ ಮೇಲಿನ ಸಿಟ್ಟು ಹೋಗಿಲ್ಲ, ಕರ್ತನ ಭೋಜನ ತೆಗೆದುಕೊಳ್ಳಬಹುದೇ?

ಪ್ರಶ್ನೆ: ನನಗೆ 43 ವರ್ಷ. ಧಾರವಾಡ ಜಿಲ್ಲೆಯ ಒಂದು ಊರಿನಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಎರಡೂವರೆ ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಅವರು ಹಾಸಿಗೆ ಹಿಡಿದಿದ್ದಾಗ ಅಣ್ಣ ಮನೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದು ನನಗೆ ಆಮೇಲೆ ಗೊತ್ತಾಯಿತು. ಕೇಳಿದ್ದಕ್ಕೆ, ‘ಮದುವೆಯಾಗಿ ಹೋದವಳಿಗೆ ಈ ಮನೆಯಲ್ಲಿ ಏನು ಕೆಲಸ’ ಅಂದ. ಅವ್ವ ಈಗ ನನ್ನ ಜೊತೆ ಇದ್ದಾರೆ. ಅಣ್ಣ, ವೈನಿ, ನಾವು ಎಲ್ಲರೂ ಒಂದೇ ಸಭೆಯವರು (ಚರ್ಚಿನವರು). ಪ್ರತಿ ಭಾನುವಾರ ಅವರ ಮುಖ ನೋಡಬೇಕು. ಎಂಟು ತಿಂಗಳಿಂದ ನಾನು ಕರ್ತನ ಭೋಜನ (ಯೇಸುವಿನ ಕೊನೆಯ ಊಟದ ನೆನಪಿಗೆ ಸಭೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಂಡಿಲ್ಲ. ‘ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅಣ್ಣನ ಜೊತೆ ರಾಜಿಯಾಗು, ಇಲ್ಲದಿದ್ದರೆ ಶಾಪ ಬರುತ್ತದೆ’ ಎಂದು ಹಿರಿಯರು ಹೇಳಿದರು. ಬಾಯಲ್ಲಿ ಕ್ಷಮಿಸಿದೆ ಅಂದಿದ್ದೇನೆ, ಹೊಟ್ಟೆಯಲ್ಲಿ ಆಗಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆರು ಕೆಜಿ ಇಳಿದಿದ್ದೇನೆ. ಕ್ವಾಯರ್ ಬಿಟ್ಟಿದ್ದೇನೆ. ಡಾಕ್ಟರ್ ಡಿಪ್ರೆಶನ್ ಎಂದು ಮಾತ್ರೆ ಬರೆದುಕೊಟ್ಟರು. ಪ್ರಾರ್ಥನಾ ಕೂಟದ ಅಕ್ಕ ಒಬ್ಬರು, ‘ಕಹಿ ಬೇರು ಕಿತ್ತು ಹಾಕಿದರೆ ಮಾತ್ರೆ ಯಾಕೆ ಬೇಕು’ ಅಂದರು. ಹಾಗಾಗಿ ತೆಗೆದುಕೊಂಡಿಲ್ಲ. ಕರ್ತನು ಕರೆದುಕೊಂಡರೆ ಸಾಕು ಅನ್ನಿಸುತ್ತದೆ. ಸಾಯುವ ಮೊದಲು ಮಕ್ಕಳಿಬ್ಬರನ್ನೂ ಒಂದೇ ಪಂಕ್ತಿಯಲ್ಲಿ ನೋಡಬೇಕು ಎಂದು ಅವ್ವ ಅಳುತ್ತಾರೆ. ನಾನೇನು ಮಾಡಲಿ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಕೇಳಿದ್ದು ಕರ್ತನ ಭೋಜನದ ವಿಷಯ. ಆದರೆ ಕೊನೆಯಲ್ಲಿ ಬರೆದ ಒಂದು ಸಣ್ಣ ಮಾತಿನಿಂದ ನಾನು ಶುರು ಮಾಡಬೇಕು. ‘ಕರ್ತನು ಕರೆದುಕೊಂಡರೆ ಸಾಕು.’

ಈ ಮಾತನ್ನು ನಮ್ಮ ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಭಕ್ತಿಯ ಮಾತಿನ ಹಾಗೆ ಕೇಳಿಸುತ್ತದೆ. ಅದಕ್ಕೇ ಯಾರೂ ನಿಂತು ಕೇಳುವುದಿಲ್ಲ, ‘ಆಮೆನ್’ ಅಂದು ಮುಂದೆ ಹೋಗಿಬಿಡುತ್ತಾರೆ. ನಾನು ಕೇಳುತ್ತೇನೆ. ಇದು ಸಾಕಾಗಿಹೋಯಿತು ಅನ್ನುವ ಸುಸ್ತಿನ ಮಾತೋ, ಅಥವಾ ಸಾಯುವುದು ಹೇಗೆ, ಯಾವಾಗ ಎಂದು ಯೋಚಿಸಿದ್ದೂ ಇದೆಯೋ? ಎರಡನೆಯದು ಒಂದೇ ಒಂದು ಸಲ ಬಂದಿದ್ದರೂ ಇವತ್ತೇ ಗಂಡನಿಗೆ ಹೇಳಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಜಿಲ್ಲೆಯಲ್ಲೇ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಮೊದಲನೆಯದೇ ಆಗಿದ್ದರೂ ಡಾಕ್ಟರ ಎದುರು ಈ ಮಾತನ್ನು ಬಾಯಿಬಿಟ್ಟು ಹೇಳಬೇಕು. ಪತ್ರದಲ್ಲಿ ಗಂಡನ ಹೆಸರೇ ಬಂದಿಲ್ಲ ಅನ್ನುವುದನ್ನೂ ಗಮನಿಸಿದೆ. ಅವರಿಗೆ ಇದರಲ್ಲಿ ಅರ್ಧವೂ ಗೊತ್ತಿರಲಿಕ್ಕಿಲ್ಲ ಅನ್ನಿಸುತ್ತಿದೆ. ತವರಿನ ಜಗಳ ಗಂಡನ ಕಿವಿಗೆ ಬೀಳಬಾರದು ಎಂದು ಮುಚ್ಚಿಡುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಮುಚ್ಚಿಡಬೇಡಿ.

ಸಾವು ಕೇಳಿದವರಲ್ಲಿ ನೀವು ಮೊದಲಿನವರಲ್ಲ. ಬೈಬಲಿನ 1 ಅರಸುಗಳು 19ನೇ ಅಧ್ಯಾಯ ತೆಗೆಯಿರಿ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಗೆಲುವು ಕಂಡ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗಿ ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ಪ್ರಾಣ ತೆಗೆದುಕೋ ಅನ್ನುತ್ತಾನೆ. ಹಾಗೇ ಮಲಗಿಬಿಡುತ್ತಾನೆ. ದೇವರು ಬೈದರಾ? ನಿನ್ನ ನಂಬಿಕೆ ಎಲ್ಲಿ ಹೋಯಿತು ಅಂದರಾ? ಇಲ್ಲ. ದೂತ ಬಂದು ತಟ್ಟಿ ಎಬ್ಬಿಸುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು, ಕುಡಿದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಬಂದು ಮತ್ತೆ ಉಣ್ಣಿಸುತ್ತಾನೆ, ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಅನ್ನುತ್ತಾನೆ. ‘ಇಲ್ಲೇನು ಮಾಡುತ್ತಿದ್ದೀ ಎಲೀಯ’ ಅನ್ನುವ ಪ್ರಶ್ನೆ ಬರುವುದು ನಲವತ್ತು ದಿನ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ. ಅಷ್ಟೊತ್ತಿಗೆ ಅವನಿಗೆ ಉತ್ತರ ಹೇಳುವ ಶಕ್ತಿ ಬಂದಿತ್ತು.

ಈ ಕ್ರಮವನ್ನು ನಾನು ತುಂಬಾ ನಂಬುತ್ತೇನೆ. ಮೊದಲು ನಿದ್ದೆ, ರೊಟ್ಟಿ, ನೀರು. ಮಾತು ಆಮೇಲೆ. ನಿಮ್ಮ ವಿಷಯದಲ್ಲಿ ಎಲ್ಲರೂ ಇದನ್ನು ತಿರುಗಾಮುರುಗಾ ಮಾಡಿದ್ದಾರೆ. ನಿದ್ದೆಯಿಲ್ಲದೆ, ಊಟ ಸೇರದೆ ಆರು ಕೆಜಿ ಇಳಿದ ಹೆಂಗಸಿನ ಹತ್ತಿರ ಬಂದು ಕ್ಷಮೆಯ ಲೆಕ್ಕ ಕೇಳುತ್ತಿದ್ದಾರೆ.

ಆದ್ದರಿಂದ ಮಾತ್ರೆ ತೆಗೆದುಕೊಳ್ಳಿ. ತುಂಬಾ ದಿನ ತಡವಾಗಿದ್ದರೆ ಅದೇ ಡಾಕ್ಟರನ್ನು ಇನ್ನೊಮ್ಮೆ ಕಂಡು ಶುರು ಮಾಡಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ನಿಮ್ಮ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುವ ಕಾಲ ಶುರುವಾಗಿರಬಹುದು, ನಿದ್ದೆ ಕೆಡುವುದಕ್ಕೆ ಅದೂ ಸೇರಿಕೊಳ್ಳುತ್ತದೆ. ಇದನ್ನೂ ಹೇಳಿ. ಡಿಪ್ರೆಶನ್ ಮಾತ್ರೆ ತಲೆನೋವಿನ ಮಾತ್ರೆಯ ಹಾಗಲ್ಲ. ಮೊದಲ ವಾರ ಹೊಟ್ಟೆ ತೊಳೆಸಬಹುದು, ತಲೆ ಭಾರ ಅನ್ನಿಸಬಹುದು. ಗುಣ ಕಾಣುವುದಕ್ಕೆ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಎಷ್ಟೋ ಜನ ಹತ್ತು ದಿನಕ್ಕೇ ‘ಏನೂ ಆಗಲಿಲ್ಲ’ ಅಂತ ಬಿಟ್ಟುಬಿಡುತ್ತಾರೆ. ಹುಷಾರಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ಹೇಳುತ್ತಾರೆ. ಬಿಡುವಾಗ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಕಡಿಮೆ ಮಾಡಬೇಕು. ಕೆಲವು ನಿದ್ದೆ ಮಾತ್ರೆಗಳ ಹಾಗೆ ಇವು ಚಟವಾಗುವುದಿಲ್ಲ.

ನಂಬಿಕೆ ಇದ್ದವರು ಮದ್ದು ತಿನ್ನಬಾರದು ಅನ್ನುವುದು ಬೈಬಲಿನ ಮಾತಲ್ಲ. ಅಪೊಸ್ತಲ ಪೌಲನ ಜೊತೆ ಊರೂರು ತಿರುಗಿದ ಲೂಕ ವೈದ್ಯ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲ ಅವನನ್ನು ಪ್ರಿಯ ವೈದ್ಯ ಎಂದೇ ಕರೆಯುತ್ತಾನೆ. ಇನ್ನು ಇಂಗ್ಲೆಂಡಿನ ಹೆಸರಾಂತ ಪ್ರಸಂಗಿ ಸ್ಪರ್ಜನ್. ನಮ್ಮ ಎಷ್ಟೋ ಪಾಸ್ಟರುಗಳು ಪ್ರಸಂಗದಲ್ಲಿ ಅವರ ಹೆಸರು ಹೇಳುತ್ತಾರೆ. 1856ರಲ್ಲಿ ಲಂಡನ್ನಿನಲ್ಲಿ ಅವರು ಪ್ರಸಂಗ ಮಾಡುತ್ತಿದ್ದಾಗ ಯಾರೋ ಬೆಂಕಿ ಎಂದು ಸುಳ್ಳೇ ಕೂಗಿದರು. ನೂಕುನುಗ್ಗಲಿನಲ್ಲಿ ಏಳು ಜನ ಸತ್ತರು. ಆಗ ಅವರಿಗೆ 22 ವರ್ಷ. ಆ ಪೆಟ್ಟು ಅವರನ್ನು ಜೀವನಪೂರ್ತಿ ಬಿಡಲಿಲ್ಲ. ತಮಗೆ ಮನಸ್ಸು ಕುಗ್ಗುವ ಕಾಯಿಲೆ ಇದೆ ಎಂದು ಅವರು ಪ್ರಸಂಗಪೀಠದಿಂದಲೇ ಹೇಳಿಕೊಂಡರು. ಅವರ ನಂಬಿಕೆ ಕಡಿಮೆ ಇತ್ತು ಅನ್ನುವ ಧೈರ್ಯ ಯಾರಿಗಿದೆ?

ಆ ‘ಕಹಿ ಬೇರಿನ’ ಮಾತು ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯದ್ದು. ಅದನ್ನು ಹೇಳಿರುವುದು ಇಡೀ ಸಭೆಗೆ: ನಿಮ್ಮಲ್ಲಿ ಯಾರೂ ಕೃಪೆಯಿಂದ ದೂರ ಉಳಿಯದ ಹಾಗೆ ನೋಡಿಕೊಳ್ಳಿ ಎಂದು. ಅದರ ಮೂಲ ಧರ್ಮೋಪದೇಶಕಾಂಡ 29ರಲ್ಲಿದೆ. ಅಲ್ಲಿ ಕಹಿ ಬೇರು ಅಂದರೆ ದೇವರನ್ನು ಬಿಟ್ಟು ಬೇರೆ ದೇವರುಗಳ ಹಿಂದೆ ಹೋಗುವವನು. ಮೋಸಹೋಗಿ ನೊಂದವಳು ಅಲ್ಲ. ಆ ಅಕ್ಕ ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಆದರೆ ನಿಮಗೆ ಅದರಿಂದ ಆದದ್ದು ನಷ್ಟವೇ.

ಈಗ ಕರ್ತನ ಭೋಜನಕ್ಕೆ ಬರೋಣ.

ಹಿರಿಯರು ನಿಮಗೆ ತೋರಿಸಿದ್ದು ಮತ್ತಾಯ 5:23-24. ಇನ್ನೊಮ್ಮೆ ಬೆರಳಿಟ್ಟು ಓದಿ. ನೀನು ಕಾಣಿಕೆ ಕೊಡುವಾಗ, ನಿನ್ನ ಸಹೋದರನಿಗೆ *ನಿನ್ನ ಮೇಲೆ* ಏನೋ ಇದೆ ಎಂದು ನೆನಪಾದರೆ ಹೋಗಿ ರಾಜಿಯಾಗು ಅನ್ನುತ್ತದೆ. ಅಂದರೆ ಯಾರಿಂದ ತಪ್ಪಾಗಿದೆಯೋ ಅವರು ಎದ್ದು ಹೋಗಬೇಕು. ನಿಮ್ಮ ಮನೆಯ ಕಥೆಯಲ್ಲಿ ಕಾಣಿಕೆ ಬಿಟ್ಟು ಎದ್ದು ಬರಬೇಕಾದವರು ಯಾರು? ಈ ವಚನವನ್ನು ಅಣ್ಣನ ಎದುರು ಯಾರಾದರೂ ಓದಿದ್ದಾರಾ? ನನ್ನ ಅನುಭವದಲ್ಲಿ ಸಭೆಯೊಳಗೆ ಯಾರು ಬಗ್ಗುತ್ತಾರೋ ಅವರ ಹತ್ತಿರವೇ ಎಲ್ಲರೂ ಬರುತ್ತಾರೆ. ಅಲ್ಲಿ ಕೆಲಸ ಬೇಗ ಮುಗಿಯುತ್ತದೆ, ಅದಕ್ಕೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಮಾರ್ಕ 11:25 ನಿಮಗೂ ಹೇಳುತ್ತದೆ, ನಾನು ಅದನ್ನು ಮುಚ್ಚಿಡುವುದಿಲ್ಲ. ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿ ಎಂದು. ಅದು ನಿಮ್ಮ ಪಾಲಿನ ಕೆಲಸ. ಆದರೆ ಅದು ನೀವು ನಿಂತ ಜಾಗದಲ್ಲೇ, ದೇವರ ಎದುರು ಆಗುವ ಕೆಲಸ. ಅದಕ್ಕೆ ಅಣ್ಣನ ಮನೆ ಬಾಗಿಲಿಗೆ ಹೋಗಬೇಕಾಗಿಲ್ಲ, ಅವನು ಮಾಡಿದ್ದು ಸರಿ ಎಂದು ಒಪ್ಪಬೇಕಾಗಿಲ್ಲ.

ಅಯೋಗ್ಯರಾಗಿ ರೊಟ್ಟಿ ತಿಂದರೆ ಶಾಪ ಅನ್ನುವ ಭಯ ಬಂದಿರುವುದು 1 ಕೊರಿಂಥ 11ರಿಂದ. ಅದನ್ನು ಹತ್ತು ವಚನ ಹಿಂದಿನಿಂದ ಓದಬೇಕು. ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ಹೊಟ್ಟೆ ತುಂಬಾ ಉಂಡು ಕುಡಿಯುತ್ತಿದ್ದರು. ಬಡವರು ಹಸಿದೇ ಇರುತ್ತಿದ್ದರು. ಇಲ್ಲದವರನ್ನು ನಾಚಿಸುತ್ತೀರಾ ಎಂದು ಪೌಲ ಕೇಳುವುದು ಅವರನ್ನು. ಎಚ್ಚರಿಕೆ ಇದ್ದದ್ದು ಇನ್ನೊಬ್ಬರ ಪಾಲು ತಿಂದವರಿಗೆ. ಅದು ಪಾಲು ಕಳೆದುಕೊಂಡವಳ ಕೊರಳಿಗೆ ಬಂದು ಬಿದ್ದಿದೆ.

ಇನ್ನೊಂದು ಮಾತು. ಕರ್ತನ ಭೋಜನದ ಪ್ರತಿ ಆರಾಧನೆಯಲ್ಲೂ ನಾವು ಕೇಳುತ್ತೇವೆ, ಆತನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ ರೊಟ್ಟಿಯನ್ನು ತೆಗೆದುಕೊಂಡನು ಎಂದು. ಮೋಸ ಹೋದ ರಾತ್ರಿ ಅದು. ಮೋಸ ಮಾಡುವವನ ಕೈ ಅದೇ ಮೇಜಿನ ಮೇಲಿತ್ತು ಎಂದು ಲೂಕ ಬರೆಯುತ್ತಾನೆ. ಸ್ವಂತದವರಿಂದ ಮೋಸಹೋದವರಿಗೆ ಜಾಗ ಇಲ್ಲದ ಮೇಜು ಅದಲ್ಲ ತಂಗಿ. ಎಂಟು ತಿಂಗಳು ಹಸಿದಿದ್ದೀರಿ. ಮುಂದಿನ ಸಲ ಹೋಗಿ. ಆ ಸಿಟ್ಟು, ಆ ನೋವು ಎಲ್ಲವನ್ನೂ ಹೊತ್ತುಕೊಂಡೇ ಹೋಗಿ, ‘ಕರ್ತನೇ, ಇದು ಇನ್ನೂ ಇದೆ, ನನ್ನ ಕೈಲಿ ತೆಗೆಯಲು ಆಗುತ್ತಿಲ್ಲ’ ಎಂದು ಹೇಳಿ ಕೈ ಚಾಚಿ. ಅದಕ್ಕೂ ಮೊದಲು ಪಾಸ್ಟರನ್ನು ಒಬ್ಬರೇ ಕಂಡು ಐದು ನಿಮಿಷ ಮಾತಾಡಿ. ಅವರು ಬೇಡ ಅಂದರೆ ಯಾವ ಕಾರಣಕ್ಕೆ ಎಂದು ಕೇಳಿ, ಮೇಲಿನ ವಚನಗಳನ್ನು ಅವರ ಮುಂದೆ ಇಡಿ. ಅಣ್ಣ, ವೈನಿಯ ಪಕ್ಕದಲ್ಲಿ ಕೂರಬೇಕು ಅಂತ ಏನಿಲ್ಲ. ಎರಡು ಆರಾಧನೆ ನಡೆಯುವ ಸಭೆಯಾದರೆ ಬೇರೆ ಹೊತ್ತಿಗೆ ಹೋಗಿ. ಕ್ವಾಯರಿಗೆ ಈಗಲೇ ಬೇಡ, ಗಂಟಲು ತಾನೇ ಕೇಳಿದಾಗ ಹೋಗಿ.

‘ಬಾಯಲ್ಲಿ ಆಯಿತು, ಹೊಟ್ಟೆಯಲ್ಲಿ ಆಗಿಲ್ಲ’ ಎಂದು ಬರೆದಿದ್ದೀರಲ್ಲ, ಎಷ್ಟು ಸರಿಯಾಗಿ ಹೇಳಿದ್ದೀರಿ. ಅಮೆರಿಕದ ಎವರೆಟ್ ವರ್ಥಿಂಗ್‌ಟನ್ ಅನ್ನುವ ಮನಃಶಾಸ್ತ್ರಜ್ಞ ಇದನ್ನೇ ಹೇಳುತ್ತಾರೆ. ಕ್ಷಮೆಯಲ್ಲಿ ಎರಡು ಇವೆ. ಒಂದು ನಿರ್ಧಾರ: ನಾನು ಸೇಡು ತೀರಿಸಿಕೊಳ್ಳುವುದಿಲ್ಲ, ಕೇಡು ಬಯಸುವುದಿಲ್ಲ. ಇನ್ನೊಂದು ಮನಸ್ಸಿನೊಳಗಿನ ಬದಲಾವಣೆ: ನೆನೆಸಿಕೊಂಡಾಗ ಉರಿ ಕಡಿಮೆಯಾಗುವುದು. ಮೊದಲನೆಯದು ಒಂದು ದಿನದಲ್ಲಿ ಆಗಬಹುದು. ಎರಡನೆಯದು ತನ್ನ ಕಾಲ ತೆಗೆದುಕೊಳ್ಳುತ್ತದೆ. ಅವರು ಸುಮ್ನೆ ಪುಸ್ತಕ ಓದಿ ಹೇಳಿದವರಲ್ಲ. ಕ್ಷಮೆಯ ಬಗ್ಗೆ ಆಗಲೇ ಅಧ್ಯಯನ ಮಾಡುತ್ತಿದ್ದಾಗ, 1995ರ ಕೊನೆಯ ರಾತ್ರಿ ಮನೆಗೆ ನುಗ್ಗಿದ ಕಳ್ಳ ಅವರ ವಯಸ್ಸಾದ ತಾಯಿಯನ್ನು ಕೊಂದ. ಕೊಂದವನು ಎದುರಿಗೆ ಸಿಕ್ಕರೆ ಹೊಡೆದು ಹಾಕಬೇಕು ಅನ್ನುವಷ್ಟು ಸಿಟ್ಟು ತಮಗೂ ಬಂದಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಹಾಗಾಗಿ ನೀವು ಬಾಯಲ್ಲಿ ಹೇಳಿದ್ದು ಸುಳ್ಳಲ್ಲ. ಅದು ಮೊದಲ ಅರ್ಧ.

ಅಣ್ಣತಮ್ಮಂದಿರ ಮೋಸಕ್ಕೆ ಬೈಬಲಿನಲ್ಲಿ ಯೋಸೇಫನ ಕಥೆಗಿಂತ ದೊಡ್ಡದಿಲ್ಲ. ಸಂಡೇ ಸ್ಕೂಲಿನಲ್ಲಿ ಅದನ್ನು ಬಣ್ಣದ ಅಂಗಿಯಿಂದ ಶುರು ಮಾಡಿ, ‘ಯೋಸೇಫ ಕ್ಷಮಿಸಿದ’ ಎಂದು ಒಂದೇ ಉಸಿರಿಗೆ ಮುಗಿಸುತ್ತೇವೆ. ನಡುವೆ ಎಷ್ಟು ವರ್ಷ ಇತ್ತು, ಲೆಕ್ಕ ಹಾಕಿದ್ದೀರಾ? ಅಣ್ಣಂದಿರು ಆಳಾಗಿ ಮಾರಿದಾಗ ಅವನಿಗೆ 17. ಐಗುಪ್ತದ ಅರಸ ಫರೋಹನ ಎದುರು ನಿಂತು ಅಧಿಕಾರಿಯಾದಾಗ 30. ಆಮೇಲೆ ಏಳು ಸಮೃದ್ಧಿಯ ವರ್ಷ, ಬರದ ಎರಡು ವರ್ಷ. ಅಂದರೆ ಅಣ್ಣಂದಿರಿಗೆ ತಾನು ಯಾರು ಎಂದು ಹೇಳಿದ್ದು ಸುಮಾರು 22 ವರ್ಷದ ಮೇಲೆ. ನಿಮಗೆ ಎರಡೂವರೆ ವರ್ಷದಲ್ಲಿ ಮುಗಿಸು ಅನ್ನುತ್ತಿದ್ದಾರೆ.

ಆದಿಕಾಂಡ 41ರಲ್ಲಿ ಯೋಸೇಫ ಮೊದಲ ಮಗನಿಗೆ ಮನಸ್ಸೆ ಎಂದು ಹೆಸರಿಡುತ್ತಾನೆ. ನನ್ನ ಕಷ್ಟವನ್ನೂ ತಂದೆಯ ಮನೆಯನ್ನೂ ದೇವರು ಮರೆಯುವ ಹಾಗೆ ಮಾಡಿದ ಎನ್ನುವುದು ಆ ಹೆಸರಿನ ಅರ್ಥ. ಮರೆತೆ ಎಂದು ಮಗನ ಹೆಸರಲ್ಲೇ ಬರೆದಿಟ್ಟ ಮನುಷ್ಯ! ಮುಂದಿನ ಅಧ್ಯಾಯದಲ್ಲಿ, ಬರದಲ್ಲಿ ಕಾಳು ಕೊಳ್ಳಲು ಬಂದ ಅಣ್ಣಂದಿರು ಅವನನ್ನು ಗುರುತಿಸದೆ, ಹಿಂದೆ ತಮ್ಮನಿಗೆ ಮಾಡಿದ್ದನ್ನು ನೆನೆದು ಮಾತಾಡಿಕೊಂಡಾಗ, ಪಕ್ಕಕ್ಕೆ ಹೋಗಿ ಅಳುತ್ತಾನೆ. ಎರಡನೇ ಸಲ ಬಂದಾಗ ಒಳಕೋಣೆಗೆ ಓಡಿಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು, ಊಟ ಬಡಿಸಿ ಅನ್ನುತ್ತಾನೆ. ಮುಖ ತೊಳೆದುಕೊಂಡು ಬರುವ ಆ ಒಂದು ಮಾತು ಓದಿದಾಗೆಲ್ಲ ನನಗೆ ನಮ್ಮ ಹೆಣ್ಣುಮಕ್ಕಳೇ ಕಣ್ಣಿಗೆ ಕಟ್ಟುತ್ತಾರೆ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು ಬಂದು ‘ಸಾರು ಹಾಕಲಾ’ ಅನ್ನುವವರು.

ಯೋಸೇಫ ಅವರನ್ನು ತಕ್ಷಣ ನಂಬಲಿಲ್ಲ. ಸಿಮೆಯೋನನನ್ನು ಇರಿಸಿಕೊಂಡ. ಬೆನ್ಯಾಮೀನನನ್ನು ಕರೆತನ್ನಿ ಅಂದ. ಆ ತಮ್ಮನ ಚೀಲದಲ್ಲಿ ಬೆಳ್ಳಿಯ ಪಾತ್ರೆ ಇಡಿಸಿದ. ಇವರು ಇನ್ನೊಬ್ಬ ತಮ್ಮನನ್ನೂ ಬಿಟ್ಟುಹೋಗುತ್ತಾರಾ ಎಂದು ನೋಡಿದ. ಹಿಂದೆ ಅವನನ್ನು ಮಾರೋಣ ಅಂದಿದ್ದ ಯೆಹೂದ ಈಗ ಮುಂದೆ ಬಂದು, ಇವನ ಬದಲು ನನ್ನನ್ನು ಆಳಾಗಿ ಇಟ್ಟುಕೊಳ್ಳಿ ಅಂದ. ಆಗ ಯೋಸೇಫ ತಡೆದುಕೊಳ್ಳಲಾರದೆ ಗಟ್ಟಿಯಾಗಿ ಅತ್ತ. ಆಗಲೂ ಮಾತು ಮರೆಸಲಿಲ್ಲ. ನೀವು ಮಾರಿದ ಯೋಸೇಫ ನಾನು ಎಂದೇ ಹೇಳಿದ. ಮಾಡಿದ್ದಕ್ಕೆ ಹೆಸರು ಹೇಳಿಯೇ ಅಪ್ಪಿಕೊಂಡ.

ಕ್ಷಮೆ ಒಬ್ಬರಿಂದ ಆಗುತ್ತದೆ. ರಾಜಿಗೆ ಇಬ್ಬರು ಬೇಕು. ನಿಮ್ಮ ಹಿರಿಯರು ಇವೆರಡನ್ನೂ ಒಂದೇ ಮಾಡಿಬಿಟ್ಟಿದ್ದಾರೆ. ಯೋಸೇಫನಿಗೆ ದ್ವೇಷವಿರಲಿಲ್ಲ, ಕಾಳು ಕೊಟ್ಟ, ದುಡ್ಡನ್ನೂ ಚೀಲಕ್ಕೆ ವಾಪಸ್ ಹಾಕಿಸಿದ. ಆದರೆ ತನ್ನ ಹೆಸರು ಹೇಳುವುದಕ್ಕೆ, ಹತ್ತಿರ ಕರೆಯುವುದಕ್ಕೆ, ಅವರಲ್ಲಿ ಬದಲಾವಣೆ ಕಾಣುವ ತನಕ ಕಾದ. ನಿಮಗೂ ಕಾಯುವ ಹಕ್ಕಿದೆ.

ನನ್ನ ಮನೆಯ ಒಂದು ವಿಷಯ ಹೇಳುತ್ತೇನೆ. ನಮ್ಮವ್ವ ಹೋದ ಮೇಲೆ ಅವಳ ಟ್ರಂಕಿನಲ್ಲಿದ್ದ ಸತ್ಯವೇದವನ್ನು ಅಕ್ಕ ಯಾರನ್ನೂ ಕೇಳದೆ ತೆಗೆದುಕೊಂಡು ಹೋದಳು. ಹಳೆಯ ಕಪ್ಪು ರಟ್ಟಿನದು. ಮೊದಲ ಹಾಳೆಯಲ್ಲಿ ನಮ್ಮೆಲ್ಲರ ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ, ನೀಲಿ ಶಾಯಿಯಲ್ಲಿ ಅವ್ವನ ಕೈಬರಹ. ಕೀರ್ತನೆಗಳ ನಡುವೆ ಒಣಗಿದ ಒಂದು ಅಬ್ಬಲಿಗೆ. ದುಡ್ಡಿನ ಲೆಕ್ಕದಲ್ಲಿ ಅದಕ್ಕೆ ಬೆಲೆಯೇ ಇಲ್ಲ. ನಾಲ್ಕು ವರ್ಷ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಆ ನಾಲ್ಕು ವರ್ಷವೂ ನಾನು ಬೇರೆಯವರ ಮನೆಯ ಜಗಳಗಳನ್ನು ಕೂತು ಕೇಳುತ್ತಿದ್ದೆ. ಕೊನೆಗೆ ನಾನೇ ಹೋಗಿ, ‘ಅಕ್ಕಾ, ನೀನು ಕೇಳದೇ ತೆಗೆದುಕೊಂಡದ್ದು ನನಗೆ ಬಹಳ ನೋವಾಯಿತು’ ಎಂದು ಒಂದೇ ಮಾತು ಹೇಳಿದೆ. ಅವಳು ಸುಮ್ಮನೆ ಕೂತಳು. ತಪ್ಪಾಯಿತು ಅನ್ನಲಿಲ್ಲ. ಚಹಾ ಮಾಡಿದಳು. ಆಮೇಲೆ ಪುಸ್ತಕ ತಂದು ನನ್ನ ತೊಡೆಯ ಮೇಲೆ ಇಟ್ಟಳು. ಅದು ಇವತ್ತಿಗೂ ಅವಳ ಮನೆಯಲ್ಲೇ ಇದೆ. ಹೋದಾಗ ತೆಗೆದು ಓದುತ್ತೇನೆ. ನಮಗೆ ಆಗಿದ್ದು ಅಷ್ಟು. ನನ್ನದು ಒಂದು ಪುಸ್ತಕ, ನಿಮ್ಮದು ಒಂದು ಮನೆ, ಎರಡೂ ಒಂದೇ ಅಲ್ಲ. ಆದರೆ ‘ನೋವಾಯಿತು’ ಅನ್ನುವ ಮಾತನ್ನು ಎದುರಿಗೆ ಹೇಳುವುದು ಎಷ್ಟು ಕಷ್ಟ, ಹೇಳಿದ ರಾತ್ರಿ ಎಂಥ ನಿದ್ದೆ ಬರುತ್ತದೆ ಎಂದು ನನಗೆ ಗೊತ್ತು.

ಎಪ್ಪತ್ತೇಳು ಸಲ ಕ್ಷಮಿಸು ಅನ್ನುವುದು ಮತ್ತಾಯ 18:22. ಅದೇ ಅಧ್ಯಾಯದಲ್ಲಿ, ಅದಕ್ಕಿಂತ ಏಳೇ ವಚನ ಮೊದಲು, ನಿನ್ನ ಸಹೋದರ ತಪ್ಪು ಮಾಡಿದರೆ ಹೋಗಿ ನೀವಿಬ್ಬರೇ ಇರುವಾಗ ಅವನ ತಪ್ಪನ್ನು ತಿಳಿಸು ಎಂದಿದೆ. ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗು. ಅವರ ಮಾತೂ ಕೇಳದಿದ್ದರೆ ಸಭೆಗೆ ತಿಳಿಸು. ಮೊದಲ ಹೆಜ್ಜೆ ನೀವು ಆಗಲೇ ಇಟ್ಟಿದ್ದೀರಿ, ‘ಮದುವೆಯಾಗಿ ಹೋದವಳು’ ಎಂಬ ಉತ್ತರ ಸಿಕ್ಕಿದೆ. ಈಗ ಎರಡನೆಯದರ ಸರದಿ. ನಿಮ್ಮನ್ನು ರಾಜಿಗೆ ಕರೆದ ಅದೇ ಹಿರಿಯರನ್ನು ಕೇಳಿ: ಇಬ್ಬರು ಬಂದು ಅಣ್ಣನ ಜೊತೆ ಕೂರುತ್ತೀರಾ ಎಂದು. ಇದು ಇವತ್ತೇ ಆಗಬೇಕಾದ್ದಲ್ಲ. ನಾಲ್ಕಾರು ವಾರ ಮಾತ್ರೆ ತೆಗೆದುಕೊಂಡು, ರಾತ್ರಿ ಆರು ತಾಸು ನಿದ್ದೆ ಬರಲು ಶುರುವಾದ ಮೇಲೆ. ಆಡಬೇಕಾದ ಮಾತನ್ನು ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ, ಮೂರು ಸಾಲು ಸಾಕು. ‘ಅಪ್ಪ ಹುಷಾರಿಲ್ಲದಾಗ ನಮಗೆ ತಿಳಿಸದೆ ಸಹಿ ಹಾಕಿಸಿದಿ. ಅದರಿಂದ ಅವ್ವನಿಗೂ ನನಗೂ ನೋವಾಗಿದೆ, ನಷ್ಟವಾಗಿದೆ. ಅವ್ವನ ಪಾಲು ಏನು, ನನ್ನ ಪಾಲು ಏನು ಎಂದು ಕೂತು ಮಾತಾಡೋಣ.’ ವೈನಿ ಯಾವಾಗ ಏನಂದರು, ಮದುವೆಯಲ್ಲಿ ಯಾರು ಎಷ್ಟು ಖರ್ಚು ಮಾಡಿದರು, ಅದೆಲ್ಲ ಬೇಡ. ಅಣ್ಣ ಕೂಗಾಡಿದರೆ ‘ಇನ್ನೊಂದು ದಿನ ಮಾತಾಡೋಣ’ ಎಂದು ಎದ್ದು ಬನ್ನಿ. ಎದ್ದು ಬರುವುದು ಸೋಲಲ್ಲ.

ಆಸ್ತಿ ವಿಷಯ ನನ್ನ ಕ್ಷೇತ್ರವಲ್ಲ, ವಕೀಲರನ್ನೇ ಕೇಳಬೇಕು. ಆದರೂ ನಮ್ಮ ಹೆಣ್ಣುಮಕ್ಕಳಿಗೆ ಇಷ್ಟಾದರೂ ಗೊತ್ತಿರಲಿ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಪಾಲು. ಉಳಿದದ್ದು ಮಕ್ಕಳಿಗೆ ಸಮನಾಗಿ, ಗಂಡು ಹೆಣ್ಣು ಎಂಬ ಭೇದವಿಲ್ಲ, ಮದುವೆಯಾಗಿದ್ದರೂ ಭೇದವಿಲ್ಲ. ಅಪ್ಪ ಸಹಿ ಹಾಕಿದ್ದು ಉಯಿಲೋ, ದಾನಪತ್ರವೋ, ಮತ್ತೊಂದೋ ಅನ್ನುವುದರ ಮೇಲೆ ಎಲ್ಲ ಬದಲಾಗುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ಆ ಪತ್ರದ ನಕಲು ಪಡೆಯಿರಿ. ಪತ್ರ ರದ್ದು ಮಾಡಿಸುವ ದಾವೆಗೆ ವಿಷಯ ಗೊತ್ತಾದಂದಿನಿಂದ 3 ವರ್ಷದ ಮಿತಿ ಇರುತ್ತದೆ. ಆದ್ದರಿಂದ ಕಾಗದ ನೋಡುವ ಕೆಲಸವನ್ನು ಮಾತ್ರ ಮುಂದೂಡಬೇಡಿ, ಗಂಡನನ್ನು ಕಳಿಸಿ. ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಸಂಬಳ ಎಷ್ಟಿದ್ದರೂ ಸರಿ.

ವಿಶ್ವಾಸಿಗಳು ಕೋರ್ಟಿಗೆ ಹೋಗಬಾರದು ಎಂದು 1 ಕೊರಿಂಥ 6 ತೋರಿಸುತ್ತಾರೆ. ಪೌಲ ಅಲ್ಲಿ, ನಿಮ್ಮೊಳಗೆ ನ್ಯಾಯ ತೀರಿಸುವ ಬುದ್ಧಿವಂತ ಒಬ್ಬನೂ ಇಲ್ಲವೇ ಎಂದು ಸಭೆಯನ್ನೇ ನಾಚಿಸುತ್ತಾನೆ. ಹೌದು, ಅನ್ಯಾಯವನ್ನು ಸಹಿಸಿಕೊಳ್ಳಬಾರದೇ ಎಂದೂ ಕೇಳುತ್ತಾನೆ. ಆದರೆ ಮರುವಚನದಲ್ಲೇ, ನೀವೇ ಸಹೋದರರಿಗೆ ಅನ್ಯಾಯ ಮಾಡುತ್ತೀರಿ, ವಂಚಿಸುತ್ತೀರಿ ಅನ್ನುತ್ತಾನೆ. ಅರ್ಧ ಓದಿ ನಿಲ್ಲಿಸಬಾರದು. ಪಾಲು ಕೇಳುವ ಹೆಣ್ಣು ದುರಾಸೆಯವಳು ಅನ್ನುವವರಿಗೆ ಅರಣ್ಯಕಾಂಡ 27 ತೋರಿಸಿ. ಚಲ್ಪಹಾದನ ಐದು ಹೆಣ್ಣುಮಕ್ಕಳು ಮೋಶೆಯ ಎದುರು, ಇಡೀ ಸಭೆಯ ಎದುರು ನಿಂತು ತಂದೆಯ ಆಸ್ತಿಯಲ್ಲಿ ನಮಗೂ ಪಾಲು ಕೊಡಿ ಅಂದರು. ಅವರಿಗೆ ಅಣ್ಣತಮ್ಮಂದಿರಿರಲಿಲ್ಲ, ನಿಮ್ಮ ಕಥೆ ಬೇರೆ. ಆದರೂ ದೇವರ ಉತ್ತರ ಏನು? ಅವರು ಕೇಳುತ್ತಿರುವುದು ನ್ಯಾಯ.

ಕೇಳುವುದು, ಬಿಡುವುದು ಎರಡೂ ನಿಮ್ಮ ಕೈಲಿದೆ. ಎಲ್ಲ ತಿಳಿದುಕೊಂಡು, ಮನಸ್ಸು ತಿಳಿಯಾದ ಮೇಲೆ ‘ನನಗೆ ಬೇಡ’ ಅಂದರೆ ಅದು ನಿಮ್ಮ ದಾನ. ಹೆದರಿ ಬಿಟ್ಟರೆ ಅದು ಇನ್ನೊಂದು ಹುಣ್ಣು.

ರಾತ್ರಿ ಮೂರು ಗಂಟೆಯ ವಿಷಯ. ಆ ಹೊತ್ತಿಗೆ ಎಚ್ಚರವಾದರೆ ಅಣ್ಣನ ಮಾತು, ಅಪ್ಪನ ಹಾಸಿಗೆ, ಆ ಸಹಿ ಎಲ್ಲ ಸಿನಿಮಾದ ಹಾಗೆ ಓಡುತ್ತದೆ, ಅಲ್ವಾ? ದೇಹಕ್ಕೆ ಅದು ಹಳೆಯದು ಎಂದು ಗೊತ್ತಾಗುವುದಿಲ್ಲ. ಈಗಲೇ ಆಗುತ್ತಿದೆ ಎಂದುಕೊಂಡು ಎದೆ ಬಡಿಯುತ್ತದೆ. ಆಗ ಮಲಗಿಕೊಂಡೇ ಒದ್ದಾಡಬೇಡಿ, ಆ ಹೊತ್ತಿನಲ್ಲಿ ಈ ವಿಷಯ ತೆಗೆದು ದೀರ್ಘ ಪ್ರಾರ್ಥನೆಯನ್ನೂ ಮಾಡಬೇಡಿ. ಪ್ರಾರ್ಥನೆ ಎಂದು ಶುರುವಾಗಿ ಅದು ಮತ್ತೆ ಜಗಳವೇ ಆಗುತ್ತದೆ. ಎದ್ದು ಕುರ್ಚಿಯಲ್ಲಿ ಕೂತು, ಪಾದ ನೆಲಕ್ಕೆ ಊರಿ, ಉಸಿರನ್ನು ನಿಧಾನವಾಗಿ ಬಿಡಿ. ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ಉದ್ದವಿರಲಿ. ‘ಕರ್ತನೇ, ಕರುಣಿಸು’ ಎಂದಷ್ಟೇ ಸಾಕು. ನಿದ್ದೆ ತೂಗಿದಾಗ ಹೋಗಿ ಮಲಗಿ.

ಸಿಟ್ಟಿಗೆ ಬೇರೆ ಹೊತ್ತು ಕೊಡಿ. ಶಾಲೆಯಿಂದ ಬಂದ ಮೇಲೆ, ಕತ್ತಲಾಗುವ ಮೊದಲು, ಇಪ್ಪತ್ತು ನಿಮಿಷ. 55ನೇ ಕೀರ್ತನೆ ಓದಿ. ವೈರಿ ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ನೀನು, ನನ್ನ ಆಪ್ತ, ದೇವರ ಮನೆಗೆ ಜೊತೆಯಲ್ಲಿ ಹೋಗುತ್ತಿದ್ದವನು ಎಂದು ಕೀರ್ತನೆಗಾರ ಅದರಲ್ಲಿ ಅಳುತ್ತಾನೆ. ಒಂದೇ ಸಭೆಗೆ ಹೋಗುವ ಅಣ್ಣತಂಗಿಯರಿಗೇ ಬರೆದ ಹಾಗಿದೆ. ಅದಾದ ಮೇಲೆ ನೋಟ್‌ಬುಕ್ಕಿನಲ್ಲಿ ನಿಮ್ಮದೇ ಕೀರ್ತನೆ ಬರೆಯಿರಿ. ಚಂದ ಇರಬೇಕಿಲ್ಲ. ದೇವರನ್ನು ಕರೆಯಿರಿ, ಆದದ್ದನ್ನು ಹೇಳಿ, ಏನು ಬೇಕು ಎಂದು ಕೇಳಿ. ‘ಆದರೂ ನಿನ್ನನ್ನು ನಂಬುತ್ತೇನೆ’ ಅನ್ನುವ ಸಾಲು ಬಂದರೆ ಬರಲಿ. ಬರದಿದ್ದರೆ ಒತ್ತಾಯ ಮಾಡಬೇಡಿ. 88ನೇ ಕೀರ್ತನೆ ಕತ್ತಲಿನಲ್ಲೇ ಮುಗಿಯುತ್ತದೆ, ಅದನ್ನೂ ಬೈಬಲಿನಿಂದ ತೆಗೆದು ಹಾಕಿಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇಂಥ ಗೋಳಾಟವೇ. ಇಪ್ಪತ್ತು ನಿಮಿಷ ಆದ ಮೇಲೆ ಪುಸ್ತಕ ಮುಚ್ಚಿ ಟ್ರಂಕಿನಲ್ಲಿಟ್ಟು ಅಡುಗೆಗೆ ಹೋಗಿ. ಇದರ ಜೊತೆಗೆ ಡಿಮ್ಹಾನ್ಸ್‌ನಲ್ಲಿ ಆಪ್ತಸಮಾಲೋಚಕರ ಜೊತೆ ಮಾತಾಡಲು ಕೇಳಿ. ಅವರು ಕ್ರೈಸ್ತರೇ ಆಗಿರಬೇಕಿಲ್ಲ. ನಿಮ್ಮ ನಂಬಿಕೆಯನ್ನು ಗೌರವಿಸಿ, ಕೇಳಿಸಿಕೊಳ್ಳುವವರಾದರೆ ಸಾಕು.

ಇನ್ನು ಅವ್ವ. ಅವರು ಅಳುವುದಕ್ಕೆ ಕಾರಣವಿದೆ. ಗಂಡ ಹೋದ, ಮನೆ ಹೋಯಿತು, ಮಗ ಕೈಗೆ ಸಿಗುತ್ತಿಲ್ಲ. ಅವರ ಅಳುವನ್ನು ನಿಮ್ಮ ಮೇಲಿನ ದೂರು ಎಂದುಕೊಳ್ಳಬೇಡಿ. ಮಗನನ್ನು ನೋಡಬೇಕು ಅನ್ನಿಸಿದಾಗ ಹೋಗಿ ಬರಲಿ, ಆಟೋ ಮಾಡಿಕೊಡಿ, ಬಂದ ಮೇಲೆ ‘ಏನಂದ’ ಎಂದು ಕೇಳಬೇಡಿ. ನಿಮ್ಮ ಮಾತನ್ನು ಅವರ ಕೈಲಿ ಕಳಿಸಲೂ ಬೇಡಿ, ಆ ವಯಸ್ಸಿನಲ್ಲಿ ಅವರಿಗೆ ಅದು ಭಾರ. ಒಂದೇ ಪಂಕ್ತಿಯ ಊಟದ ಬಗ್ಗೆ ಕೇಳಿದರೆ, ‘ಅವ್ವಾ, ನನಗೂ ಆಸೆ ಇದೆ. ಮೊದಲು ನಾನು ಹುಷಾರಾಗಬೇಕು’ ಅನ್ನಿ. ಅದು ನಿಜವೇ. ಇವತ್ತು ರಾತ್ರಿ ಅವರ ಜೊತೆ ಕೂತು ಒಂದು ರೊಟ್ಟಿಯಾದರೂ ಉಣ್ಣಿ. ಆಮೇಲೆ ಡಾಕ್ಟರ ಆ ಚೀಟಿಯನ್ನು ಹುಡುಕಿ ತೆಗೆದಿಡಿ.